ಹದಿನೇಳು ಸಾವಿರ ಜನರ ಊರು, ಒಂದು ಹಾಕಿ ತಂಡ, ಬದಲಾದ ಒಂದು ನಿಯಮ

2025ರ ಜುಲೈನಲ್ಲಿ ಗ್ಯಾವಿನ್ ಮೆಕೆನ್ನಾ ಎಂಬ ಹದಿನೇಳರ ಹುಡುಗ ತಂಡ ಬದಲಿಸಿದ. ಕೆನಡಾದ ಮೆಡಿಸಿನ್ ಹ್ಯಾಟ್ ಟೈಗರ್ಸ್ ಬಿಟ್ಟು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡುತ್ತೇನೆ ಅಂದ. ಹಿಂದಿನ ಸೀಸನ್‌ನಲ್ಲಿ ಅವನು 129 ಅಂಕ ಗಳಿಸಿದ್ದ. ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೂ ಒಂದು ಅಂಕ, ಅದಕ್ಕೆ ಪಾಸ್ ಕೊಟ್ಟವನಿಗೂ ಒಂದು ಅಂಕ. ಆ ಲೆಕ್ಕದಲ್ಲಿ 129 ಅಂದರೆ ಜೂನಿಯರ್ ಹಾಕಿಯಲ್ಲಿ ಬಹಳ ದೊಡ್ಡ ಸಂಖ್ಯೆ. ಅವನ ತಂಡ ಅದೇ ವರ್ಷ ಲೀಗ್ ಗೆದ್ದಿತ್ತು. ಅಂಥ ಹುಡುಗ ಹದಿನೇಳಕ್ಕೇ ಹೊರಟುಬಿಟ್ಟ.

ಎರಡು ವರ್ಷ ಮೊದಲಾಗಿದ್ದರೆ ಇದು ಆಗುವ ಮಾತೇ ಅಲ್ಲ. ಹೋಗಬೇಕು ಅಂದುಕೊಂಡಿದ್ದರೂ ನಿಯಮ ಬಿಡುತ್ತಿರಲಿಲ್ಲ: ಕೆನಡಾದ ಮೇಲ್ಮಟ್ಟದ ಜೂನಿಯರ್ ಲೀಗ್‌ನಲ್ಲಿ ಆಡಿದವನು ಅಮೆರಿಕದ ಕಾಲೇಜು ತಂಡಕ್ಕೆ ಆಡುವಂತಿರಲಿಲ್ಲ.

ಈ ಸುದ್ದಿ ಬಂದಾಗ ಎಲ್ಲರೂ ಮೆಕೆನ್ನಾ ಬಗ್ಗೆ ಬರೆದರು, ಅವನಿಗೆ ಸಿಗುವ ದುಡ್ಡಿನ ಬಗ್ಗೆ ಬರೆದರು. ನನಗೆ ಕುತೂಹಲ ಇರುವುದು ಅವನು ಬಿಟ್ಟುಹೋದ ಮೆಡಿಸಿನ್ ಹ್ಯಾಟ್ ಊರಿನಿಂದ ಪೂರ್ವಕ್ಕೆ ಅದೇ ಹೆದ್ದಾರಿಯಲ್ಲಿ ಸುಮಾರು 220 ಕಿ.ಮೀ. ದೂರದಲ್ಲಿರುವ ಇನ್ನೊಂದು ಊರಿನ ಬಗ್ಗೆ. ಹೆಸರು ಸ್ವಿಫ್ಟ್ ಕರೆಂಟ್. ಸಸ್ಕಾಚೆವಾನ್ ಪ್ರಾಂತ್ಯದ ಬಯಲಿನಲ್ಲಿ ಗೋಧಿ, ದನ, ಒಂದಿಷ್ಟು ತೈಲ ನಂಬಿಕೊಂಡಿರುವ ರೈಲ್ವೆ ಊರು. 2021ರ ಜನಗಣತಿಯಲ್ಲಿ ಅಲ್ಲಿದ್ದವರು 16,750 ಜನ. ಅಲ್ಲಿನ ತಂಡ ಸ್ವಿಫ್ಟ್ ಕರೆಂಟ್ ಬ್ರಾಂಕೋಸ್. ವೆಸ್ಟರ್ನ್ ಹಾಕಿ ಲೀಗ್‌ನಲ್ಲಿ ಇಷ್ಟು ಚಿಕ್ಕ ಊರಿನ ತಂಡ ಬೇರೆ ಇಲ್ಲ. ಹೊಸ ನಿಯಮ ಜೂನಿಯರ್ ಹಾಕಿಯನ್ನು ಏನು ಮಾಡುತ್ತದೆ ಅಂತ ತಿಳಿಯಬೇಕಾದರೆ ದೊಡ್ಡ ನಗರಗಳ ತಂಡಗಳನ್ನು ನೋಡಿ ಪ್ರಯೋಜನವಿಲ್ಲ. ಬ್ರಾಂಕೋಸ್ ಚರಿತ್ರೆ ನೋಡಬೇಕು.

ಹಾಕಿ ಅಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ. ಇದು ಬೇರೆ ಆಟ, ವ್ಯವಸ್ಥೆಯೂ ಬೇರೆ. ಕೆನಡಾದಲ್ಲಿ ಮೇಲ್ಮಟ್ಟದ ಜೂನಿಯರ್ ಹಾಕಿ ಅಂದರೆ ಹೆಚ್ಚುಕಡಿಮೆ 16ರಿಂದ 20 ವಯಸ್ಸಿನ ಹುಡುಗರ ಆಟ. ಪಶ್ಚಿಮದಲ್ಲಿ ಒಂದು, ಒಂಟಾರಿಯೊದಲ್ಲಿ ಒಂದು, ಕ್ವಿಬೆಕ್ ಮತ್ತು ಪೂರ್ವ ಕರಾವಳಿಗೆ ಒಂದು, ಹೀಗೆ ಮೂರು ಲೀಗ್. ಮೂರೂ ಸೇರಿ ಕೆನಡಿಯನ್ ಹಾಕಿ ಲೀಗ್. ಪಶ್ಚಿಮದ ಲೀಗ್‌ನಲ್ಲಿ ಒಬ್ಬೊಬ್ಬ ಹುಡುಗನನ್ನೂ ಹದಿನೈದರ ಆಸುಪಾಸಿನಲ್ಲೇ ಡ್ರಾಫ್ಟ್ ಮಾಡುತ್ತಾರೆ, ಅಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುತ್ತವೆ. ಯಾವ ತಂಡ ಹೆಸರು ಕೂಗಿತೋ ಆ ಊರಿಗೆ ಹೋಗಬೇಕು. ಮನೆ ಬಿಟ್ಟು, ಅಪರಿಚಿತ ಊರಿನ ಒಂದು ಕುಟುಂಬದ ಜೊತೆ ಉಳಿದುಕೊಂಡು, ಅಲ್ಲಿನ ಹೈಸ್ಕೂಲಿಗೆ ಸೇರಿ ಆಡಬೇಕು. ಹೀಗೆ ಹುಡುಗರನ್ನು ಇಟ್ಟುಕೊಳ್ಳುವ ಮನೆಗಳಿಗೆ ಅಲ್ಲಿ ಬಿಲೆಟ್ ಅಂತಾರೆ. ಸೀಸನ್‌ಗೆ 68 ಪಂದ್ಯ. ಮ್ಯಾನಿಟೋಬಾದಿಂದ ಅಮೆರಿಕದ ಆರೆಗಾನ್‌ವರೆಗೆ ಹರಡಿದ ಲೀಗ್, ಓಡಾಟವೆಲ್ಲ ಬಸ್ಸಿನಲ್ಲಿ. ಸಂಬಳ ಅಂತ ಹೇಳುವಂಥದ್ದು ಏನೂ ಇಲ್ಲ, ಕೈಖರ್ಚಿಗೆ ಒಂದಿಷ್ಟು. ಪಂದ್ಯ ನೋಡುವವರು ಟಿಕೆಟ್ ಮಾತ್ರ ದುಡ್ಡು ಕೊಟ್ಟೇ ಕೊಳ್ಳಬೇಕು.

ಬ್ರಾಂಕೋಸ್ ಹುಟ್ಟಿದ್ದು 1967ರಲ್ಲಿ. ಆ ಕಾಲದ ತಂಡದಲ್ಲಿ ಬ್ರಯಾನ್ ಟ್ರೋಟಿಯರ್ ಆಡಿದ್ದರು. ಅಲ್ಲಿಂದ ದಕ್ಷಿಣಕ್ಕಿರುವ ವಾಲ್ ಮೇರಿ ಎಂಬ ಪುಟ್ಟ ಹಳ್ಳಿಯ ಹುಡುಗ, ಮುಂದೆ ಉತ್ತರ ಅಮೆರಿಕದ ಅತಿ ದೊಡ್ಡ ವೃತ್ತಿಪರ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಮಹಾನ್ ಆಟಗಾರ. ಆದರೆ 1974ರಲ್ಲಿ ತಂಡವೇ ಊರು ಬಿಟ್ಟಿತು. ಆಲ್ಬರ್ಟಾದ ಲೆತ್‌ಬ್ರಿಜ್ ದೊಡ್ಡ ಊರು, ಅಲ್ಲಿಗೆ ಹೋಯಿತು. ಹನ್ನೆರಡು ವರ್ಷ ಸ್ವಿಫ್ಟ್ ಕರೆಂಟ್‌ಗೆ ಈ ಮಟ್ಟದ ತಂಡವೇ ಇರಲಿಲ್ಲ. 1986ರಲ್ಲಿ ಊರಿನವರು ದುಡ್ಡು ಕೂಡಿಸಿ ತಂಡವನ್ನು ವಾಪಸ್ ಕೊಂಡು ತಂದರು.

ಅಲ್ಲಿಂದ ಮುಂದಿನದು ಬೇರೆಯದೇ ಕಥೆ. ತಂಡಕ್ಕೆ ಯಜಮಾನ ಅಂತ ಒಬ್ಬರಿಲ್ಲ, ಅದು ಊರಿನದು. ನಮ್ಮ ಹಳ್ಳಿಯ ಹಾಲಿನ ಸೊಸೈಟಿ ಇದ್ದ ಹಾಗೆ ಅಂದುಕೊಳ್ಳಿ: ನಿರ್ದೇಶಕ ಮಂಡಳಿ, ವಾರ್ಷಿಕ ಸಭೆ, ಆ ವರ್ಷ ಎಷ್ಟು ಉಳಿಯಿತು ಎಷ್ಟು ಮುಳುಗಿತು ಅನ್ನುವ ಲೆಕ್ಕ ಎಲ್ಲರ ಮುಂದೆ. ಪಶ್ಚಿಮದ ಲೀಗ್‌ನಲ್ಲಿ ಇಂಥವು ನಾಲ್ಕೇ. ಮೂಸ್ ಜಾ, ಪ್ರಿನ್ಸ್ ಆಲ್ಬರ್ಟ್, ಲೆತ್‌ಬ್ರಿಜ್ ಉಳಿದ ಮೂರು.

ವಾಪಸ್ ಬಂದ ಮೊದಲ ಚಳಿಗಾಲದಲ್ಲೇ ದುರಂತವಾಯಿತು. 1986ರ ಡಿಸೆಂಬರ್ 30. ರೆಜೈನಾದಲ್ಲಿ ಪಂದ್ಯ ಆಡಲು ಬಸ್ಸು ಹೊರಟಿತ್ತು. ಊರು ದಾಟಿ ಕೆಲವೇ ಕಿಲೋಮೀಟರ್ ಆಗಿತ್ತು. ರಸ್ತೆಯ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ. ಬಸ್ಸು ಜಾರಿ ರಸ್ತೆ ಬಿಟ್ಟು ಹಾರಿ ಬಿತ್ತು. ಹಿಂದಿನ ಸೀಟುಗಳಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಸತ್ತರು. ಟ್ರೆಂಟ್ ಕ್ರೆಸ್, ಸ್ಕಾಟ್ ಕ್ರೂಗರ್, ಕ್ರಿಸ್ ಮ್ಯಾಂಟಿಕಾ, ಬ್ರೆಂಟ್ ರಫ್. ರಫ್‌ಗೆ ಇನ್ನೂ ಹದಿನಾರು. ಬದುಕಿ ಉಳಿದವರಲ್ಲಿ ಜೋ ಸ್ಯಾಕಿಕ್ ಇದ್ದ, ಮುಂದೆ ಕೊಲರಾಡೊ ತಂಡದ ನಾಯಕನಾಗಿ ಎರಡು ಸಲ ಎನ್‌ಎಚ್‌ಎಲ್‌ನ ಪಟ್ಟವಾದ ಸ್ಟ್ಯಾನ್ಲಿ ಕಪ್ ಎತ್ತಿದವನು. ಶೆಲ್ಡನ್ ಕೆನಡಿ ಎಂಬ ಹುಡುಗನೂ ಇದ್ದ.

ತಂಡ ಕೆಲವು ದಿನ ಬಿಟ್ಟು ಮತ್ತೆ ಆಡಿತು. ಅದೇ ಸೀಸನ್‌ನಲ್ಲಿ ಪ್ಲೇಆಫ್, ಅಂದರೆ ಪಟ್ಟಕ್ಕಾಗಿ ಕೊನೆಗೆ ನಡೆಯುವ ಸುತ್ತು, ತಲುಪಿತು. ಎರಡು ವರ್ಷ ಕಳೆದ ಮೇಲೆ 1988-89ರಲ್ಲಿ 72 ಪಂದ್ಯಗಳಲ್ಲಿ 55 ಗೆದ್ದಿತು. ಪ್ಲೇಆಫ್‌ನಲ್ಲಿ ಆಡಿದ 12 ಪಂದ್ಯಗಳನ್ನೂ ಗೆದ್ದಿತು. ಸಸ್ಕಟೂನ್‌ನಲ್ಲಿ ನಡೆದ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಆ ಊರಿನ ಬ್ಲೇಡ್ಸ್ ತಂಡವನ್ನು ಅವರದೇ ಮೈದಾನದಲ್ಲಿ, ಹೆಚ್ಚುವರಿ ಅವಧಿಯಲ್ಲಿ 4-3ರಿಂದ ಸೋಲಿಸಿತು. ಟಿಮ್ ಟಿಸ್‌ಡೇಲ್ ಹೊಡೆದ ಗೋಲು. ಮೆಮೋರಿಯಲ್ ಕಪ್ ಅಂದರೆ ಇಡೀ ಕೆನಡಾದ ಜೂನಿಯರ್ ಹಾಕಿಯ ಪಟ್ಟ. ಗೆದ್ದ ತಂಡದಲ್ಲಿ ಸತ್ತ ಸ್ಕಾಟ್ ಕ್ರೂಗರ್‌ನ ಇಬ್ಬರು ತಮ್ಮಂದಿರಿದ್ದರು. ಲೀಗ್‌ನ ವರ್ಷದ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಈಗಲೂ ಆ ನಾಲ್ವರ ಹೆಸರೇ: ಫೋರ್ ಬ್ರಾಂಕೋಸ್ ಟ್ರೋಫಿ.

ಇಷ್ಟಕ್ಕೇ ನಿಲ್ಲಿಸಿದರೆ ಕಣ್ಣೀರು ತರಿಸುವ ಒಳ್ಳೆ ಕಥೆ. ಎಷ್ಟೋ ವರ್ಷ ಜನ ಇಲ್ಲಿಗೇ ನಿಲ್ಲಿಸುತ್ತಿದ್ದರು ಕೂಡ. ಕೋಚ್ ಗ್ರಹಾಮ್ ಜೇಮ್ಸ್‌ನನ್ನು ಹಾಕಿ ಪತ್ರಿಕೆಯೊಂದು 1989ರ ವರ್ಷದ ವ್ಯಕ್ತಿ ಅಂತ ಆರಿಸಿತು.

1996ರಲ್ಲಿ ಶೆಲ್ಡನ್ ಕೆನಡಿ ಪೊಲೀಸರ ಹತ್ತಿರ ಹೋದರು. ಆಗ ಅವರು ಎನ್‌ಎಚ್‌ಎಲ್ ಆಟಗಾರ. ಹದಿನಾಲ್ಕು ವರ್ಷದವನಾಗಿದ್ದಾಗಿನಿಂದ ಜೇಮ್ಸ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ, ಸ್ವಿಫ್ಟ್ ಕರೆಂಟ್‌ನಲ್ಲೂ ಅದು ವರ್ಷಗಟ್ಟಲೆ ನಡೆಯಿತು ಅಂತ ಹೇಳಿದರು. 1997ರ ಜನವರಿಯಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡ. ಮೂರೂವರೆ ವರ್ಷ ಜೈಲು. ಆಮೇಲೆ ಇನ್ನೂ ಆಟಗಾರರು ಮುಂದೆ ಬಂದರು, ಮತ್ತೆ ಶಿಕ್ಷೆಗಳಾದವು. ನಡುವೆ 2007ರಲ್ಲಿ ಅವನಿಗೆ ಸದ್ದಿಲ್ಲದೆ ಕ್ಷಮಾದಾನವೂ ಸಿಕ್ಕಿತ್ತು. 2010ರಲ್ಲಿ ಅದು ಬೆಳಕಿಗೆ ಬಂದಾಗ ದೇಶವೇ ಸಿಟ್ಟಾಗಿ ಕ್ಷಮಾದಾನದ ಕಾನೂನು ಬದಲಾಯಿತು.

ಬಸ್ ಅಪಘಾತದ ನಂತರ ಹುಡುಗರಿಗೆ ಮನೋವೈದ್ಯರ ನೆರವು ಸಿಗಲಿಲ್ಲ. ಹೊರಗಿನವರು ಬರುವುದು ಕೋಚ್‌ಗೆ ಬೇಕಿರಲಿಲ್ಲ ಅಂತ ಬದುಕಿ ಉಳಿದವರು ಆಮೇಲೆ ಹೇಳಿಕೊಂಡಿದ್ದಾರೆ. ಯಾಕೆ ಬೇಕಿರಲಿಲ್ಲ ಅಂತ ಈಗ ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ನಿಯಮದ ಬಗ್ಗೆ ಹೇಳುವಾಗ ಈ ಹಳೆಯ ಪ್ರಕರಣ ಯಾಕೆ ಎತ್ತಬೇಕು ಅಂತ ಕೇಳಬಹುದು. ಎತ್ತಲೇಬೇಕು. ಜೇಮ್ಸ್ ಮಾಡಿದ್ದು ಒಬ್ಬ ದುಷ್ಟನ ಕೆಲಸ, ನಿಜ. ಆದರೆ ಅವನಿಗೆ ಬಲ ಕೊಟ್ಟದ್ದು ವ್ಯವಸ್ಥೆ. ಹುಡುಗ ಮನೆಯಿಂದ ದೂರ. ಎನ್‌ಎಚ್‌ಎಲ್ ಕನಸಿನ ಕೀಲಿ ಕೋಚ್ ಕೈಯಲ್ಲಿ. ತಂಡ ಬಿಡಬೇಕು ಅಂದರೆ ಹೋಗಲು ಜಾಗ ಇಲ್ಲ. ಡ್ರಾಫ್ಟ್ ಹಕ್ಕು ಒಂದು ತಂಡದ್ದು, ಮಾರುವುದೋ ಉಳಿಸಿಕೊಳ್ಳುವುದೋ ಅವರಿಷ್ಟ. ಅಮೆರಿಕದ ಕಾಲೇಜು ಹಾಕಿ ಇನ್ನೊಂದು ದಾರಿಯಾಗಿತ್ತು. ಆದರೆ ಈ ಲೀಗ್‌ನಲ್ಲಿ ಒಮ್ಮೆ ಆಡಿದರೆ ಸಾಕು, ಅಲ್ಲಿಗೆ ಬಾಗಿಲು ಬಂದ್.

ಬಾಗಿಲು ಮುಚ್ಚಿದ್ದು ಯಾಕೆ ಅಂತ ಸ್ವಲ್ಪ ವಿವರಿಸುತ್ತೇನೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಆಗ ಅದರ ಕಣ್ಣಲ್ಲಿ ಕೆನಡಾದ ಈ ಮೂರೂ ಲೀಗ್ ವೃತ್ತಿಪರ. ಕೈಖರ್ಚು ಕೊಡುತ್ತಾರೆ, ಎನ್‌ಎಚ್‌ಎಲ್ ಜೊತೆ ಕರಾರು ಮಾಡಿಕೊಂಡ ಹುಡುಗರೂ ಆಡುತ್ತಾರೆ, ಆದ್ದರಿಂದ ಇಲ್ಲಿ ಆಡಿದವನು ಅಮೆಚೂರ್ ಅಲ್ಲ. ತಮಾಷೆ ನೋಡಿ. ಅದೇ ಹುಡುಗರಿಗೆ ಕನಿಷ್ಠ ಕೂಲಿ ಕೊಡಿ ಅಂತ 2014ರಲ್ಲಿ ಕೆನಡಾದಲ್ಲಿ ಮೊಕದ್ದಮೆ ಹೂಡಿದಾಗ ಲೀಗ್‌ಗಳ ವಾದ ಪೂರ್ತಿ ತಿರುಗುಮುರುಗು: ಇವರು ನೌಕರರಲ್ಲ, ಆಟ ಕಲಿಯುವ ವಿದ್ಯಾರ್ಥಿಗಳು. ಸಸ್ಕಾಚೆವಾನ್ ಸರ್ಕಾರ ಈ ಆಟಗಾರರನ್ನು ಕಾರ್ಮಿಕ ನಿಯಮಗಳಿಂದಲೇ ಹೊರಗಿಟ್ಟಿತು. ಬೇರೆ ಪ್ರಾಂತ್ಯಗಳೂ ಹಾಗೇ ಮಾಡಿದವು. ಗಡಿಯ ಆಚೆ ವೃತ್ತಿಪರ, ಈಚೆ ವಿದ್ಯಾರ್ಥಿ. ಎರಡು ಕಡೆಯೂ ನಷ್ಟ ಹುಡುಗನಿಗೇ ಅಲ್ವಾ?

ಬದಲಿಗೆ ಲೀಗ್ ಕೊಡುತ್ತಿದ್ದದ್ದು ಓದಿನ ಖರ್ಚು. ಒಂದು ಸೀಸನ್ ಆಡಿದರೆ ಒಂದು ವರ್ಷದ ಕಾಲೇಜು ಫೀಸು, ಪುಸ್ತಕದ ಖರ್ಚು. ಇದನ್ನು ಕೀಳಾಗಿ ನೋಡಬಾರದು, ಎಷ್ಟೋ ಹುಡುಗರು ಇದರಿಂದ ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಓದಿದ್ದಾರೆ.

ಈ ನಿಯಮದ ವಿರುದ್ಧ 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಬಿತ್ತು. ಆಟಗಾರರನ್ನು ಕಟ್ಟಿಹಾಕುವ ಹಳೆಯ ನಿಯಮಗಳ ಮೇಲೆ ಅಲ್ಲಿನ ಕೋರ್ಟುಗಳು ಮೊದಲೇ ಮುಗಿಬಿದ್ದಿದ್ದವು. ಎನ್‌ಸಿಎಎ ಹೆಚ್ಚು ಎಳೆದಾಡಲಿಲ್ಲ. 2024ರ ನವೆಂಬರ್ 7ರಂದು ನಿಯಮ ತೆಗೆಯಿತು. 2025ರ ಆಗಸ್ಟ್ 1ರಿಂದ ಬಾಗಿಲು ತೆರೆಯಿತು. ಅದೇ ಹೊತ್ತಿಗೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು ಅನ್ನುವ ಒಪ್ಪಂದಕ್ಕೂ ಕೋರ್ಟ್ ಒಪ್ಪಿಗೆ ಸಿಕ್ಕಿತು. ಎರಡೂ ಸೇರಿದ್ದರಿಂದಲೇ ಮೆಕೆನ್ನಾ ಹೊರಟದ್ದು.

ಈಗ ಸ್ವಿಫ್ಟ್ ಕರೆಂಟ್‌ಗೆ ವಾಪಸ್ ಬರೋಣ. ಚಿಕ್ಕ ಊರಿನ ತಂಡ ಗೆಲ್ಲುವುದು ಹೇಗೆ? 2018ರ ತಂಡ ಇದಕ್ಕೆ ಸರಿಯಾದ ಉದಾಹರಣೆ. ಬ್ರಾಂಕೋಸ್ ಕೆಲವು ಹುಡುಗರನ್ನು ಹದಿನಾರರಿಂದ ಬೆಳೆಸಿ ಹತ್ತೊಂಬತ್ತು, ಇಪ್ಪತ್ತರವರೆಗೆ ಉಳಿಸಿಕೊಂಡಿತ್ತು. ನಾಯಕ ಗ್ಲೆನ್ ಗಾಡಿನ್, ಗೋಲು ಹೊಡೆಯುವ ಟೈಲರ್ ಸ್ಟೀನ್‌ಬರ್ಗನ್ ಅಂಥವರು. ಆ ವರ್ಷದ ಜನವರಿಯಲ್ಲಿ ಲೆತ್‌ಬ್ರಿಜ್‌ಗೆ ತನ್ನ ಎಳೆಯ ಆಟಗಾರರನ್ನೂ ಮುಂದಿನ ಡ್ರಾಫ್ಟ್ ಆಯ್ಕೆಗಳನ್ನೂ ಕೊಟ್ಟು ಗೋಲ್‌ಕೀಪರ್ ಸ್ಟುವರ್ಟ್ ಸ್ಕಿನ್ನರ್‌ನನ್ನು ತಂದಿತು. ಮುಂದೆ ಎನ್‌ಎಚ್‌ಎಲ್‌ನ ಎಡ್ಮಂಟನ್ ಆಯಿಲರ್ಸ್ ಗೋಲ್‌ಕೀಪರ್ ಆದ ಅದೇ ಸ್ಕಿನ್ನರ್. ಅಂದರೆ ಭವಿಷ್ಯವನ್ನು ಅಡವಿಟ್ಟು ಒಂದು ವರ್ಷ ಕೊಂಡುಕೊಂಡ ಹಾಗಾಯಿತು. ಫಲ ಸಿಕ್ಕಿತು. ಎವರೆಟ್ ತಂಡವನ್ನು ಸೋಲಿಸಿ ಲೀಗ್ ಪಟ್ಟ ಗೆದ್ದರು. 1989, 1993 ಬಿಟ್ಟರೆ ಅದೇ ಮೂರನೆಯದು.

ಸಾಲ ತೀರಿಸಬೇಕಾಯಿತು. ಮರುವರ್ಷ 68 ಪಂದ್ಯಗಳಲ್ಲಿ ಗೆದ್ದದ್ದು 11. ಅದರ ಮರುವರ್ಷವೂ ಹೆಚ್ಚುಕಡಿಮೆ ಅಷ್ಟೇ. ಇದರ ಬೆನ್ನಿಗೇ ಕೋವಿಡ್. 2020-21ರಲ್ಲಿ ಸಸ್ಕಾಚೆವಾನ್, ಮ್ಯಾನಿಟೋಬಾ ತಂಡಗಳೆಲ್ಲ ರೆಜೈನಾ ಒಂದರಲ್ಲೇ ಉಳಿದು, ಪ್ರೇಕ್ಷಕರಿಲ್ಲದೆ 24 ಪಂದ್ಯ ಆಡಿ ಮನೆಗೆ ಹೋದವು. ಟಿಕೆಟ್ ದುಡ್ಡೇ ಉಸಿರಾಗಿರುವ ಊರ ತಂಡಕ್ಕೆ ಒಂದು ಸೀಸನ್ ಗೇಟ್ ಬಂದ್ ಆದರೆ ಏನಾಗುತ್ತದೆ ಅಂತ ಊಹಿಸಬಹುದು.

ಊರಿನವರು ಈ ಏರಿಳಿತಕ್ಕೆ ಒಗ್ಗಿಕೊಂಡಿದ್ದರು. ನಾಲ್ಕೈದು ವರ್ಷ ಸೋಲು, ಹುಡುಗರು ಬೆಳೆಯುತ್ತಾರೆ, ಒಂದೆರಡು ವರ್ಷ ಗೆಲುವು. ತಾಳ್ಮೆಯ ವ್ಯಾಪಾರ. ಆದರೆ ಇಡೀ ಲೆಕ್ಕ ನಿಂತಿದ್ದು ಒಂದೇ ನಂಬಿಕೆಯ ಮೇಲೆ: ಹದಿನಾರಕ್ಕೆ ಬಂದವನು ಹತ್ತೊಂಬತ್ತರವರೆಗೆ ಎಲ್ಲೂ ಹೋಗುವುದಿಲ್ಲ. ಹೊಸ ನಿಯಮ ಮುರಿದದ್ದು ಆ ನಂಬಿಕೆಯನ್ನೇ.

ಹಾಗಂತ ಎಲ್ಲ ಹುಡುಗರೂ ಓಡಿಹೋಗುವುದಿಲ್ಲ. ಇಲ್ಲೇ ಹೆಚ್ಚಿನ ಬರಹಗಳು ಎಡವುತ್ತವೆ ಅನಿಸುತ್ತದೆ. ಅಮೆರಿಕದಲ್ಲಿ ಮೇಲ್ಮಟ್ಟದ ಪುರುಷರ ಕಾಲೇಜು ಹಾಕಿ ಇರುವುದು ಅರವತ್ತು ಚಿಲ್ಲರೆ ವಿಶ್ವವಿದ್ಯಾಲಯಗಳಲ್ಲಿ. ಒಂದು ತಂಡಕ್ಕೆ ಇಪ್ಪತ್ತಾರರ ಆಸುಪಾಸು ಜಾಗ. ಅದರಲ್ಲೂ ಅವರಿಗೆ ಬೇಕಾದವರು ಹದಿನೇಳರ ಎಳೆಯರಲ್ಲ, ಮೈ ಗಟ್ಟಿಯಾದ ಇಪ್ಪತ್ತು ಇಪ್ಪತ್ತೊಂದರವರು. ಮೆಕೆನ್ನಾನಂಥ ಅಪರೂಪದವರು ಬೇಗ ಹೋಗುತ್ತಾರೆ. ಸಾಧಾರಣ ಒಳ್ಳೆಯ ಆಟಗಾರ ಇಪ್ಪತ್ತರವರೆಗೂ ಸ್ವಿಫ್ಟ್ ಕರೆಂಟ್‌ನಂಥ ಊರಲ್ಲೇ ಆಡಿ, ಆಮೇಲೆ ಕಾಲೇಜಿಗೆ ಹೋಗಿ ಇನ್ನೂ ನಾಲ್ಕು ವರ್ಷ ಆಡಬಹುದು. ಮೊದಲು ಇಪ್ಪತ್ತಕ್ಕೆ ಜೂನಿಯರ್ ಮುಗಿದರೆ ಹೆಚ್ಚಿನವರ ದೊಡ್ಡ ಆಟವೂ ಅಲ್ಲಿಗೆ ಮುಗಿಯುತ್ತಿತ್ತು. ಅವರ ಮಟ್ಟಿಗೆ ಇದು ದೊಡ್ಡ ಲಾಭ.

ಊರಿಗೆ ಇನ್ನೊಂದು ಲಾಭವೂ ಇದೆ. ಹದಿನೈದಕ್ಕೆ ಡ್ರಾಫ್ಟ್ ಆದ ಹುಡುಗನ ಅಪ್ಪ ಅಮ್ಮ ಮೊದಲು ಹಿಂಜರಿಯುತ್ತಿದ್ದರು. ಈ ಲೀಗ್‌ಗೆ ಕಳಿಸಿದರೆ ಕಾಲೇಜು ದಾರಿ ಶಾಶ್ವತವಾಗಿ ಮುಚ್ಚುತ್ತದಲ್ಲ ಅಂತ. ಅಮೆರಿಕದ ಕುಟುಂಬಗಳಲ್ಲಂತೂ ಈ ಭಯ ಜಾಸ್ತಿ. ಈಗ ಆ ಭಯ ಹೋಯಿತು. ಮೊದಲು ಬರದಿದ್ದ ಪ್ರತಿಭೆ ಈಗ ಹದಿನಾರಕ್ಕೇ ಬರುತ್ತದೆ. ಅಂದರೆ ತಂಡ ಚಿಕ್ಕ ವಯಸ್ಸಿನದಾಗುತ್ತದೆ, ಆಟ ಚುರುಕಾಗುತ್ತದೆ, ಆದರೆ ತುತ್ತತುದಿಯ ಆಟಗಾರ ಎರಡೇ ವರ್ಷಕ್ಕೆ ಹೊರಡುತ್ತಾನೆ. 2018ರಲ್ಲಿ ಮಾಡಿದಂಥ ವ್ಯವಹಾರದ ಬೆಲೆಗಳೂ ತಲೆಕೆಳಗಾಗುತ್ತವೆ. ಹದಿನೇಳರ ತಾರೆಯನ್ನು ಕೊಂಡರೆ ಮೂರು ವರ್ಷ ಸಿಗುತ್ತಾನೆ ಅನ್ನುವ ಖಾತರಿ ಇಲ್ಲ. ಉಳಿಯಲು ಒಪ್ಪಿದ ಹತ್ತೊಂಬತ್ತರ ಹುಡುಗ ಚಿನ್ನವಾಗುತ್ತಾನೆ. ಅವನನ್ನು ಒಪ್ಪಿಸುವುದು ಹೇಗೆ? ದೊಡ್ಡ ನಗರದ ಮೈದಾನ, ಹೊಸ ಜಿಮ್ ತೋರಿಸಲು ಸ್ವಿಫ್ಟ್ ಕರೆಂಟ್‌ಗೆ ಆಗುವುದಿಲ್ಲ. ಅದರ ಮೈದಾನದಲ್ಲಿ ಮೂರು ಸಾವಿರ ಸೀಟುಗಳೂ ಇಲ್ಲ. ತೋರಿಸಬಹುದಾದದ್ದು ಒಳ್ಳೆಯ ಕೋಚ್, ಆಡಲು ಹೆಚ್ಚು ಹೊತ್ತು, ಚೆನ್ನಾಗಿ ನೋಡಿಕೊಳ್ಳುವ ಬಿಲೆಟ್ ಮನೆ. ಇಷ್ಟೇ.

ನಿಷ್ಠೆ ಹೋಯಿತು, ಹುಡುಗರು ದುಡ್ಡಿನ ಹಿಂದೆ ಬಿದ್ದರು ಅಂತ ಹಳೆಯ ಅಭಿಮಾನಿಗಳು ಗೊಣಗುತ್ತಾರೆ. ಅವರ ನೋವು ಸುಳ್ಳಲ್ಲ. ಆದರೆ ಅದನ್ನು ನಿಷ್ಠೆ ಅಂತ ಕರೆಯಲು ನನಗೆ ಮನಸ್ಸಿಲ್ಲ. ಬಿಟ್ಟು ಹೋಗಲು ಆಗದವನು ಉಳಿದರೆ ಅದು ನಿಷ್ಠೆ ಹೇಗಾಗುತ್ತದೆ? ಇದೇ ಊರಿನಲ್ಲಿ, ಇದೇ ತಂಡದಲ್ಲಿ ಬಿಟ್ಟು ಹೋಗಲಾಗದ ಹುಡುಗರಿಗೆ ಏನಾಯಿತು ಅಂತ ಗೊತ್ತಿದ್ದೂ ಆ ಕಾಲವನ್ನು ಹಾಡಿ ಹೊಗಳುವುದು ಕಷ್ಟ. ಇನ್ನೊಂದು ದಾರಿ ತೆರೆದಿದೆ ಅನ್ನುವುದೇ ಹುಡುಗನಿಗೆ ಒಂದಿಷ್ಟು ರಕ್ಷಣೆ. ಅದರಿಂದಲೇ ಎಲ್ಲ ಸರಿಹೋಗುತ್ತದೆ ಅಂತಲ್ಲ. ಜೇಮ್ಸ್ ಪ್ರಕರಣದ ನಂತರ ಕೋಚ್‌ಗಳಿಗೆ ಕಡ್ಡಾಯ ತರಬೇತಿ ಬಂತು. ಅದನ್ನು ಕಟ್ಟಿದವರಲ್ಲಿ ಕೆನಡಿಯೇ ಮುಖ್ಯರು. 2018ರ ಏಪ್ರಿಲ್‌ನಲ್ಲಿ ಹಂಬೋಲ್ಟ್ ಬ್ರಾಂಕೋಸ್ ತಂಡದ ಬಸ್ಸಿಗೆ ಅಪಘಾತವಾಗಿ 16 ಜನ ಸತ್ತಾಗ ಕೆನಡಿ ಮತ್ತು 1986ರ ಬಸ್ಸಿನಲ್ಲಿದ್ದ ಇನ್ನು ಕೆಲವರು ಅಲ್ಲಿಗೆ ಹೋಗಿ ಬದುಕುಳಿದವರ ಜೊತೆ ಕೂತರು. ತಮಗೆ ಸಿಗದಿದ್ದ ನೆರವು ಇವರಿಗಾದರೂ ಸಿಗಲಿ ಅಂತ.

ಹಂಬೋಲ್ಟ್ ಹೆಸರು ಬಂದದ್ದರಿಂದ ಒಂದು ಮಾತು. ಹೆಸರು ಒಂದೇ ಆದರೂ ಆ ತಂಡ ಬೇರೆ, ಒಂದು ಮೆಟ್ಟಿಲು ಕೆಳಗಿನ ಲೀಗ್‌ನದು. ಹೊಸ ನಿಯಮದ ಪೆಟ್ಟು ನಿಜವಾಗಿ ಬೀಳುವುದು ಆ ಮೆಟ್ಟಿಲಿನ ಮೇಲೆ. ಅಮೆರಿಕದ ಕಾಲೇಜಿಗೆ ಹೋಗುವ ಆಸೆಯಿದ್ದ ಹುಡುಗರು ಇಷ್ಟು ವರ್ಷ ಆಡುತ್ತಿದ್ದದ್ದು ಅಲ್ಲೇ, ಬೇರೆ ದಾರಿ ಇಲ್ಲದ್ದರಿಂದ. ಈಗ ಅವರು ಮೇಲಿನ ಲೀಗ್‌ಗೇ ಹೋಗಬಹುದು. ಬ್ರಿಟಿಷ್ ಕೊಲಂಬಿಯಾದ ಆ ಮಟ್ಟದ ಲೀಗ್‌ನಲ್ಲಿ ಹೆಸರು ಮಾಡಿದ್ದ ಪೆಂಟಿಕ್ಟನ್ ವೀಸ್ ತಂಡವೇ 2025ರಲ್ಲಿ ಪಶ್ಚಿಮದ ಲೀಗ್‌ಗೆ ಜಿಗಿಯಿತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಅವರಿಗೆ ಬೇಗ ಗೊತ್ತಾಯಿತು.

ಸ್ವಿಫ್ಟ್ ಕರೆಂಟ್‌ಗೆ ಇನ್ನೂ ಒಂದು ಕಡೆಯಿಂದ ಎಳೆತ ಬರಲಿದೆ. ಇಷ್ಟು ದಿನ ಈ ಲೀಗ್‌ನಿಂದ ಎನ್‌ಎಚ್‌ಎಲ್‌ಗೆ ಡ್ರಾಫ್ಟ್ ಆದ ಹತ್ತೊಂಬತ್ತರ ಹುಡುಗ ಎನ್‌ಎಚ್‌ಎಲ್‌ನಲ್ಲೇ ಜಾಗ ಸಿಗದಿದ್ದರೆ ಜೂನಿಯರ್‌ಗೇ ವಾಪಸ್ ಬರಬೇಕಿತ್ತು. ನಡುವಿನ ವೃತ್ತಿಪರ ಲೀಗ್ ಆದ ಎಎಚ್‌ಎಲ್‌ಗೆ ಹೋಗುವಂತಿರಲಿಲ್ಲ. 2025ರಲ್ಲಿ ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಹೊಸ ಒಪ್ಪಂದ ಈ ಗಂಟನ್ನೂ ಸಡಿಲಿಸಿದೆ. 2026-27ರಿಂದ ಒಂದೊಂದು ಎನ್‌ಎಚ್‌ಎಲ್ ತಂಡವೂ ಅಂಥ ಒಬ್ಬನನ್ನು ಎಎಚ್‌ಎಲ್‌ಗೆ ಕಳಿಸಬಹುದು. ಒಬ್ಬೊಬ್ಬನೇ ಆದರೂ 32 ತಂಡ ಅಂದರೆ 32 ಜನ, ಅದೂ ಅತ್ಯುತ್ತಮರು.

2018ರ ಮೆಮೋರಿಯಲ್ ಕಪ್ ರೆಜೈನಾದಲ್ಲಿ ನಡೆಯಿತು. ಬ್ರಾಂಕೋಸ್ ಅಲ್ಲಿ ಪಶ್ಚಿಮದ ಚಾಂಪಿಯನ್ ಆಗಿ ಆಡಿತು, ಗೆಲ್ಲಲಿಲ್ಲ. ಗೆದ್ದದ್ದು ನ್ಯೂ ಬ್ರನ್ಸ್‌ವಿಕ್‌ನ ಬ್ಯಾಥರ್ಸ್ಟ್ ಊರಿನ ಟೈಟನ್. ಬ್ಯಾಥರ್ಸ್ಟ್ ಸ್ವಿಫ್ಟ್ ಕರೆಂಟ್‌ಗಿಂತಲೂ ಚಿಕ್ಕದು. ಆ ತಂಡ 2025ರಲ್ಲಿ ಊರು ಬಿಟ್ಟು ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ಗೆ ಹೋಯಿತು, ಹೆಸರೂ ಬದಲಾಯಿತು. 1974ರಲ್ಲಿ ಸ್ವಿಫ್ಟ್ ಕರೆಂಟ್ ಕಂಡದ್ದೂ ಇದನ್ನೇ. ಆದರೆ ಈಗ ಅಲ್ಲಿ ತಂಡವನ್ನು ಮಾರಿ ಹೋಗಬಲ್ಲ ಯಜಮಾನ ಇಲ್ಲ. ಹೋಗಬೇಕು ಅಂತಾದರೂ ಅದನ್ನು ತೀರ್ಮಾನಿಸಬೇಕಾದವರು ಟಿಕೆಟ್ ಕೊಳ್ಳುವ, ಹುಡುಗರನ್ನು ಮನೆಯಲ್ಲಿ ಇಟ್ಟುಕೊಳ್ಳುವ ಊರಿನವರೇ.